ಕೊಟ್ಟವನು ಕೋಡಂಗಿ, ಆಡಿದವನು ಈರಭದ್ರ

ಹಳೆಯ ಐಪಾಡ್‌ಗಳನ್ನು ಮೇಜಿನ ಖಾನೆಯಿಂದ ಹೊರತೆಗೆದು, ಧೂಳು ಒರೆಸಿ, ಮತ್ತೆ ಜೇಬಿಗೆ ಹಾಕಿಕೊಳ್ಳುವ ಹುಚ್ಚು ಈಗ ಹಬ್ಬಿರುವುದು ತಮಗೆಲ್ಲ ತಿಳಿದೇ ಇದೆ. ಹಾಡಿನ ಪೆಟ್ಟಿಗೆಗೆ ಮರುಜೀವ ಬಂದದ್ದು ಸಂತೋಷವೇ. ಆದರೆ ಅದರ ಬೆನ್ನಿಗೇ, ನಾವು ಎಂದೋ ಮಣ್ಣು ಮಾಡಿ ಕೈ ತೊಳೆದುಕೊಂಡಿದ್ದ ಒಂದು ಜಗಳವೂ ಎದ್ದು ಕುಳಿತಿದೆ. ಇಂಥ ಯಂತ್ರಗಳಿಗಾಗಿ ಹವ್ಯಾಸಿಗಳು ರಾತ್ರಿ ನಿದ್ದೆಗೆಟ್ಟು ಬರೆಯುವ ಸಣ್ಣಪುಟ್ಟ ಆಟಗಳನ್ನು ಪುಕ್ಕಟೆಯಾಗಿ ಕೊಡಬೇಕೋ, ದುಡ್ಡಿಗೆ ಮಾರಬೇಕೋ ಎಂಬ ಜಗಳ ಅದು.

ನನ್ನ ಮಿತ್ರರೊಬ್ಬರು ಹೀಗೊಂದು ಹಳೆಯ ಐಪಾಡ್ ಕೊಂಡರು. ಅದರ ಹಾರ್ಡ್ ಡಿಸ್ಕ್ ಕೀಳಿಸಿ ಮೆಮೊರಿ ಕಾರ್ಡ್ ಹಾಕಿಸಿದರು, ಹೊಸ ಬ್ಯಾಟರಿ ಕೂರಿಸಿದರು, ಒಳಗಿನ ಕರುಳೆಲ್ಲ ಕಾಣುವಂಥ ಪಾರದರ್ಶಕ ಕವಚವನ್ನೂ ತೊಡಿಸಿದರು. ಇಷ್ಟಕ್ಕೂ ಅವರು ಒಮ್ಮೆಯೂ ಚೌಕಾಸಿ ಮಾಡಲಿಲ್ಲ. ಕೊನೆಗೆ ಯಾರೋ ಒಬ್ಬ ಹವ್ಯಾಸಿ ಬರೆದ ಇಸ್ಪೀಟಿನ ಆಟವೊಂದನ್ನು ಇಳಿಸಿಕೊಂಡಾಗ, ಅದರ ವಿವರಣೆಯ ತುದಿಯಲ್ಲಿ ‘ಇಷ್ಟವಾದರೆ ಒಂದು ಡಾಲರ್ ಕಳುಹಿಸಿ’ ಎಂಬ ಸಾಲು ಕಾಣಿಸಿತು. ಮಿತ್ರರು ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, ನಿಟ್ಟುಸಿರು ಬಿಟ್ಟರು. ‘ನೋಡಿದಿರಾ, ಇವರಿಗೂ ದುಡ್ಡಿನ ಆಸೆ ಬಂತು. ಹವ್ಯಾಸ ಅಂದಮೇಲೆ ಪ್ರೀತಿಗಾಗಿ ಮಾಡಬೇಕಲ್ಲವೇ?’ ಎಂದರು. ಕವಚ ಮಾರಿದವನನ್ನು ಅವರು ಈ ಪ್ರಶ್ನೆ ಕೇಳಿದ ದಾಖಲೆಯಿಲ್ಲ.

ಈ ವಾದಕ್ಕೆ ನಾನು ತಲೆಬಾಗುತ್ತೇನೆ. ಮಾಡುವವನಿಗೆ ಕೆಲಸದಲ್ಲಿ ಖುಷಿ ಸಿಕ್ಕರೆ ಸಂಬಳ ಕೊಡಬಾರದು, ಗೋಳಾಡುತ್ತ ಮಾಡಿದರೆ ಮಾತ್ರ ಕೊಡಬೇಕು ಎಂಬುದು ನಿಜಕ್ಕೂ ಉದಾತ್ತವಾದ ಅರ್ಥಶಾಸ್ತ್ರ. ಹಾಗಾದರೆ ಪ್ರತಿ ಆಟದ ಜೊತೆಗೂ ಅದನ್ನು ಬರೆದವನ ಕಣ್ಣೀರಿನ ಪ್ರಮಾಣಪತ್ರವೊಂದನ್ನು ಲಗತ್ತಿಸಿಬಿಡೋಣ. ಎಷ್ಟು ಅತ್ತಿದ್ದಾನೋ ಅಷ್ಟು ಬೆಲೆ.

ನನಗೂ ಈ ವಿಷಯದಲ್ಲಿ ಸ್ವಲ್ಪ ಅನುಭವವಿದೆ ಎಂದು ಸಂಕೋಚದಿಂದಲೇ ಹೇಳಿಕೊಳ್ಳಬೇಕು. ರಾಕ್‌ಬಾಕ್ಸ್ ಎಂಬುದೊಂದಿದೆ. ಹಾಡಿನ ಪೆಟ್ಟಿಗೆಯ ಜೊತೆ ಕಂಪನಿ ಕೊಟ್ಟ ತಂತ್ರಾಂಶದ ಬದಲಿಗೆ ಹಾಕಿಕೊಳ್ಳಲೆಂದು 2001ರಿಂದಲೂ ಹವ್ಯಾಸಿಗಳೇ ಕೂಡಿ ಕಟ್ಟುತ್ತ ಬಂದಿರುವ ತಂತ್ರಾಂಶ ಅದು. ಅದರೊಳಗೆ ಸುಡೊಕು, ಚದುರಂಗ, ಇಸ್ಪೀಟು, ಇಟ್ಟಿಗೆ ಒಡೆಯುವ ಆಟ ಎಲ್ಲವೂ ಇವೆ, ಗುಂಡು ಹಾರಿಸುವ ಹೆಸರಾಂತ ಹಳೆಯ ಆಟ ಡೂಮ್ ಕೂಡ ಓಡುತ್ತದೆ, ಯಾವುದಕ್ಕೂ ಕಾಸಿಲ್ಲ. ಆ ಹುಮ್ಮಸ್ಸಿನಲ್ಲಿ ನಾನೂ ಒಂದು ಹಾವಿನ ಆಟ ಬರೆದು, ಪುಕ್ಕಟೆಯಾಗಿ ಹಂಚಿ, ಧನ್ಯವಾದದ ಪತ್ರಗಳಿಗಾಗಿ ಕಾದು ಕುಳಿತೆ. ಮೊದಲ ಪತ್ರ ಬಂದಿತು. ಸದ್ದು ಏಕಿಲ್ಲ ಎಂದು ಕೇಳಿತ್ತು. ಎರಡನೆಯ ಪತ್ರದವರಿಗೆ ‘ಮೆನು’ ಗುಂಡಿ ಒತ್ತಿದರೆ ಆಟ ಮುಗಿಯಬೇಕಿತ್ತು, ಆದರೆ ಹಾವು ಮೇಲಕ್ಕೆ ಹೋಗುತ್ತಿತ್ತು. ಐಪಾಡಿನ ಚಕ್ರದಲ್ಲಿ ಮೇಲ್ತುದಿಗೆ ಇರುವುದು ಅದೊಂದೇ ಗುಂಡಿಯಾದ್ದರಿಂದ ಹಾವು ಮೇಲಕ್ಕೆ ಹೋಗಲು ಬೇರೆ ದಾರಿಯಿಲ್ಲವೆಂದು ವಿನಯದಿಂದ ಉತ್ತರಿಸಿದೆ. ಹಾಗಾದರೆ ಹಾವನ್ನು ಮೇಲಕ್ಕೆ ಕಳುಹಿಸುವುದನ್ನೇ ಬಿಟ್ಟುಬಿಡಿ ಎಂಬ ಸಲಹೆ ಬಂದಿತು. ಮೂರನೆಯವರು, ತಮ್ಮ ಪ್ಲೇಯರಿನಲ್ಲಿ ಆಟ ನಿಂತುಹೋಗುತ್ತದೆ, ಭಾನುವಾರ ಪ್ರಯಾಣ ಹೊರಟಿದ್ದೇನೆ, ಅಷ್ಟರೊಳಗೆ ಸರಿಪಡಿಸಿ ಎಂದು ಗಡುವು ಕೊಟ್ಟರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿ ನೋಡಿದರಂತೆ ಎಂದು ಹಿರಿಯರು ಹೇಳಿದ್ದು ನೆನಪಾಯಿತು. ಈಗಿನವರು ಹಿತ್ತಲಿಗೆ ಹೋಗುವಷ್ಟು ನಾಚಿಕೆಯನ್ನೂ ಇಟ್ಟುಕೊಂಡಿಲ್ಲ, ಕೊಟ್ಟವನ ಮುಂದೆಯೇ ಮೊಳ ಹಾಕುತ್ತಾರೆ.

ಹಾಗೆಂದು ಮಾರುವವರ ಪಕ್ಷದವರೇನೂ ಕಡಿಮೆಯವರಲ್ಲ. ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ, ಪುಕ್ಕಟೆ ಸಿಕ್ಕ ಕಂಪೈಲರಿನಲ್ಲಿ, ಪುಕ್ಕಟೆ ಸಿಕ್ಕ ಚಿತ್ರಗಳನ್ನು ಬಳಸಿ, ಇನ್ಯಾರೋ ಪುಕ್ಕಟೆಯಾಗಿ ಬಿಟ್ಟ ಕೋಡಿನ ಮೇಲೆ, ಜಗತ್ತಿಗೆಲ್ಲ ಗೊತ್ತಿರುವ ಟೆಟ್ರಿಸ್ ಆಟವನ್ನೇ ಹೆಸರು ಬದಲಿಸಿ ಬರೆದು, ಕೆಂಪು ಇಟ್ಟಿಗೆಗಳಿಗೆ ಹಸಿರು ಬಳಿದ ಮರುಕ್ಷಣವೇ ಇವರಿಗೆ ‘ನನ್ನ ಶ್ರಮಕ್ಕೆ ಬೆಲೆ ಬೇಡವೇ’ ಎಂಬ ಜ್ಞಾನೋದಯವಾಗುತ್ತದೆ. ಬೆಲೆ ಇಟ್ಟರೆ ಮಾತ್ರ ಗುಣಮಟ್ಟ ಬರುತ್ತದೆ, ಸಂಬಳ ಪಡೆದವನು ಮಾತ್ರ ಜವಾಬ್ದಾರಿಯಿಂದ ಬರೆಯುತ್ತಾನೆ ಎಂಬುದು ಇವರ ಇನ್ನೊಂದು ಮಂತ್ರ. ಈ ಮಂತ್ರ ಕೇಳಿದಾಗಲೆಲ್ಲ ನನಗೆ 2008ರ ಡಿಸೆಂಬರ್ 31 ನೆನಪಾಗುತ್ತದೆ. ಅಂದು, ಐಪಾಡಿಗೆ ಪೈಪೋಟಿಯಾಗಿ ಮೈಕ್ರೋಸಾಫ್ಟ್ ತಂದಿದ್ದ ಹಾಡಿನ ಪೆಟ್ಟಿಗೆ ಜ್ಯೂನ್‌ನ 30 ಜಿಬಿಯ ಪ್ಲೇಯರುಗಳು ಎಲ್ಲೆಡೆಯೂ ಏಕಕಾಲಕ್ಕೆ ಕಲ್ಲಾದವು. ಅದು ಅಧಿಕ ವರ್ಷವಾಗಿತ್ತು, ವರ್ಷಕ್ಕೆ 366ನೆಯ ದಿನವೊಂದು ಇರಬಹುದೆಂಬ ಸಾಧ್ಯತೆಯನ್ನು ಅದರ ಗಡಿಯಾರದ ತಂತ್ರಾಂಶ ಸರಿಯಾಗಿ ಎಣಿಸಿರಲಿಲ್ಲ. ಕಂಪನಿ ಸೂಚಿಸಿದ ಪರಿಹಾರವಂತೂ ಅಮೋಘವಾಗಿತ್ತು: ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಿ, ಹೊಸ ವರ್ಷದ ಮಧ್ಯಾಹ್ನದವರೆಗೆ ಕಾಯಿರಿ, ಆಮೇಲೆ ಚಾರ್ಜ್ ಮಾಡಿ. ನನ್ನ ಹಾವಿನ ಆಟಕ್ಕೆ ಬಂದ ದೂರುಗಳಿಗೂ ಇದೇ ಉತ್ತರ ಕೊಡಬಹುದಿತ್ತೆಂದು ತಡವಾಗಿ ಹೊಳೆಯಿತು.

ಅದೇ ವರ್ಷ ಮೈಕ್ರೋಸಾಫ್ಟ್ ಆಟ ಬರೆಯಲೆಂದೇ ಮಾಡಿದ ತನ್ನ ಎಕ್ಸ್‌ಎನ್‌ಎ ಎಂಬ ತಂತ್ರಾಂಶ ಸಲಕರಣೆಯ ಮೂಲಕ ಜ್ಯೂನ್‌ಗೆ ಯಾರು ಬೇಕಾದರೂ ಆಟ ಬರೆಯಬಹುದೆಂದು ಬಾಗಿಲು ತೆರೆದಿತ್ತು. ಬರೆದದ್ದನ್ನು ಮಾರಲು ಅಂಗಡಿಯೊಂದನ್ನು ಮಾತ್ರ ತೆರೆದಿರಲಿಲ್ಲ. ಹವ್ಯಾಸಿಯ ನಿಸ್ವಾರ್ಥವನ್ನು ಕಾಪಾಡುವ ಹೊಣೆಯನ್ನು ಕಂಪನಿಯೇ ಹೊತ್ತುಕೊಂಡದ್ದಕ್ಕೆ ನಾವು ಕೃತಜ್ಞರಾಗಿರಬೇಕು.

ಪುಕ್ಕಟೆ ಮತ್ತು ದುಡ್ಡಿನ ಈ ಕಥೆಗೆ ಬೇರು ಇನ್ನೂ ಆಳದಲ್ಲಿದೆ. 2001ರ ಮೊಟ್ಟಮೊದಲ ಐಪಾಡಿನಲ್ಲಿ ಒಂದು ಆಟ ಅಡಗಿತ್ತು. ‘ಅಬೌಟ್’ ಪುಟಕ್ಕೆ ಹೋಗಿ ನಡುವಿನ ಗುಂಡಿಯನ್ನು ಕೆಲವು ಕ್ಷಣ ಅದುಮಿ ಹಿಡಿದರೆ, ಚೆಂಡು ಹೊಡೆದು ಇಟ್ಟಿಗೆ ಉರುಳಿಸುವ ‘ಬ್ರಿಕ್’ ತೆರೆದುಕೊಳ್ಳುತ್ತಿತ್ತು. ಅದರ ಮೂಲಪುರುಷ, ಅಟಾರಿ ಎಂಬ ವಿಡಿಯೋ ಆಟದ ಕಂಪನಿ 1976ರಲ್ಲಿ ತಂದ ‘ಬ್ರೇಕ್‌ಔಟ್’. ಅದರ ಮೊದಲ ಮಾದರಿಯನ್ನು ಸ್ಟೀವ್ ವೋಜ್ನಿಯಾಕ್ ನಾಲ್ಕು ದಿನ ನಿದ್ದೆಗೆಟ್ಟು ಜೋಡಿಸಿದರು. ಆ ಕೆಲಸವನ್ನು ಅಟಾರಿಯಿಂದ ಹಿಡಿದು ತಂದವರು, ಮುಂದೆ ಅವರೊಡನೆ ಕೂಡಿ ಆ್ಯಪಲ್ ಕಂಪನಿ ಕಟ್ಟಿದ ಗೆಳೆಯ ಸ್ಟೀವ್ ಜಾಬ್ಸ್. ವೋಜ್ನಿಯಾಕ್ ಹೇಳಿಕೊಂಡಿರುವ ಪ್ರಕಾರ, ಬಂದ ಹಣದಲ್ಲಿ ಸಮಪಾಲು ಎಂಬ ಮಾತಿನಂತೆ ಅವರ ಕೈಗೆ ಬಂದದ್ದು 350 ಡಾಲರ್. ಗೆಳೆಯನಿಗೆ ಅಟಾರಿ ಸಾವಿರಾರು ಡಾಲರ್ ಬಹುಮಾನ ಕೊಟ್ಟಿತ್ತೆಂದು ತಿಳಿದದ್ದು ವರ್ಷಗಳ ನಂತರ. ಜಾಬ್ಸ್ ಇದನ್ನು ಒಪ್ಪಲಿಲ್ಲ. ಅದೇನೇ ಇರಲಿ, ಪ್ರೀತಿಗಾಗಿ ಮಾಡುವವನಿಗೂ ಆ ಪ್ರೀತಿಯನ್ನು ಸಾಗಿಸುವವನಿಗೂ ಇರುವ ನಂಟು ಐಪಾಡಿಗಿಂತ ಕಾಲು ಶತಮಾನ ಹಳೆಯದು.

ದುಡ್ಡು ಕೊಟ್ಟು ಕೊಂಡದ್ದು ಭದ್ರ ಎನ್ನುವವರಿಗಾಗಿ ಇನ್ನೊಂದು ಪುರಾಣವಿದೆ. 2006ರ ಸೆಪ್ಟೆಂಬರಿನಲ್ಲಿ ಆ್ಯಪಲ್ ತನ್ನ ಐದನೆಯ ಪೀಳಿಗೆಯ ಐಪಾಡಿಗೆ ಪ್ಯಾಕ್‌ಮ್ಯಾನ್, ಟೆಟ್ರಿಸ್, ಜೂಮಾ ಮೊದಲಾದ ಆಟಗಳನ್ನು ತಲಾ 4.99 ಡಾಲರಿಗೆ ಮಾರಲು ತೊಡಗಿತು. ಗಿರಾಕಿಗಳು ಸಾಲುಗಟ್ಟಿ ಕೊಂಡರು. ಮರುವರ್ಷ ಹೊಸ ಐಪಾಡುಗಳು ಬಂದವು, ಹಳೆಯ ಐಪಾಡಿಗೆ ಕೊಂಡ ಆಟ ಅವುಗಳಲ್ಲಿ ಓಡಲಿಲ್ಲ. ಒಂದೇ ಪ್ಯಾಕ್‌ಮ್ಯಾನನನ್ನು ಎರಡು ಸಲ ಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. 2011ರಲ್ಲಿ ಅಂಗಡಿಯಿಂದ ಆ ಆಟಗಳೇ ಮಾಯವಾದವು. ಒಟ್ಟು 54 ಆಟಗಳು, ಪ್ರತಿಯೊಂದಕ್ಕೂ ಕೊಂಡವನ ಖಾತೆಗೆ ಬಿಗಿದ ಡಿಜಿಟಲ್ ಬೀಗ. ಕೊನೆಗೆ 2024ರಲ್ಲಿ ಇವನ್ನು ಉಳಿಸಲು ಮುಂದೆ ಬಂದವರು ಯಾರೆಂದುಕೊಂಡಿರಿ? ಅಭಿಮಾನಿಗಳೇ. ಹಳೆಯ ಗಿರಾಕಿಗಳ ಖಾತೆಗಳನ್ನು ತಂತ್ರಾಂಶದಲ್ಲೇ ಕಟ್ಟಿದ ಒಂದು ವರ್ಚುವಲ್ ಕಂಪ್ಯೂಟರಿನೊಳಗೆ ಒಟ್ಟುಗೂಡಿಸಿ, ಮುಚ್ಚಿಹೋದ ಅಂಗಡಿಯ ಸರಕನ್ನು ಒಂದೊಂದಾಗಿ ಎತ್ತಿ ತಂದರು, ಅದೂ ಪುಕ್ಕಟೆಯಾಗಿ. ನನ್ನ ಮಿತ್ರರ ಐಪಾಡಿನಲ್ಲಿ ಈಗ ಅವೂ ಇವೆ.

ಇನ್ನು ಚಕ್ರದ ಬದಲು ಸ್ಪರ್ಶಪರದೆಯಿದ್ದ ಐಪಾಡ್ ಟಚ್‌ನ ಮಾತು. 2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ಬಾಗಿಲು ತೆರೆದಾಗ, ಅಲ್ಲಿನ ಪುಕ್ಕಟೆ ಆಟವನ್ನು ಇಳಿಸಿಕೊಳ್ಳಬೇಕಾದರೂ ಟಚ್ ಉಳ್ಳವರು ಮೊದಲು 9.95 ಡಾಲರ್ ಕೊಟ್ಟು ಹೊಸ ತಂತ್ರಾಂಶ ಹಾಕಿಸಿಕೊಳ್ಳಬೇಕಿತ್ತು. ಪುಕ್ಕಟೆ ಆಟ ಬರೆದು ಅಲ್ಲಿಡಬೇಕೆಂಬ ಹವ್ಯಾಸಿ ವರ್ಷಕ್ಕೆ 99 ಡಾಲರ್ ಕಟ್ಟಬೇಕಿತ್ತು. ಮಾರಿದರೆ ನೂರಕ್ಕೆ ಮೂವತ್ತು ಅಂಗಡಿಗೆ. ಕೊಡುವವನೂ ಕಟ್ಟಿ, ಪಡೆಯುವವನೂ ಕಟ್ಟಿ, ನಡುವೆ ಹುಟ್ಟಿದ ವಸ್ತುವಿಗೆ ‘ಉಚಿತ’ ಎಂದು ಹೆಸರಿಟ್ಟರು. ಅದೇ ಆಗಸ್ಟಿನಲ್ಲಿ, ಕೆಂಪು ಹರಳಿನ ಚಿತ್ರವೊಂದನ್ನು ತೋರಿಸುವುದರ ಹೊರತು ಬೇರೇನನ್ನೂ ಮಾಡದ ‘ಐ ಆ್ಯಮ್ ರಿಚ್’ ಎಂಬ ಆ್ಯಪ್ 999.99 ಡಾಲರಿಗೆ ಬಂದಿತು. ತೆಗೆದುಹಾಕುವ ಮುನ್ನ ಎಂಟು ಜನ ಅದನ್ನು ಕೊಂಡಿದ್ದರು. ಒಂದು ಡಾಲರಿನ ಇಸ್ಪೀಟು ದುಬಾರಿಯಾಯಿತೆಂದು ಯಾರಾದರೂ ಗೊಣಗಿದಾಗ ನಾನು ಈ ಎಂಟು ಮಂದಿಯನ್ನು ಮನಸ್ಸಿನಲ್ಲೇ ವಂದಿಸುತ್ತೇನೆ.

ನಗುವುದು ಇಲ್ಲಿಗೆ ಸಾಕು. 2009ರ ಅಕ್ಟೋಬರಿನಲ್ಲಿ ಪುಕ್ಕಟೆ ಆ್ಯಪ್‌ಗಳ ಒಳಗೂ ಖರೀದಿಗೆ ಅನುಮತಿ ದೊರೆಯಿತು. ಅಲ್ಲಿಂದಾಚೆಗೆ ‘ಪುಕ್ಕಟೆ’ ಎಂಬ ಪದ ಕೆಟ್ಟುಹೋಯಿತು. ಬಾಗಿಲಲ್ಲಿ ಕಾಸಿಲ್ಲ, ಒಳಗೆ ಹೆಜ್ಜೆಗೊಂದು ಗಲ್ಲಾಪೆಟ್ಟಿಗೆ. ಮಗು ಒತ್ತುವ ಗುಂಡಿಗೆ ಅಪ್ಪನ ಖಾತೆಯಿಂದ ಹಣ ಹೋಗುವಂತೆ ಅಳೆದು ಸುರಿದು ಕಟ್ಟಿದ ಆಟಗಳಿಗೆ ನಾವು ಕೋಟಿಗಟ್ಟಲೆ ಸುರಿದಿದ್ದೇವೆ, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ತನ್ನ ಪಾಡಿಗೆ ಒಂದು ಇಸ್ಪೀಟಿನ ಆಟ ಬರೆದು, ಜಾಹೀರಾತಿಲ್ಲದೆ, ಬೇಹುಗಾರಿಕೆಯಿಲ್ಲದೆ, ಕೋಡಿನ ಸಮೇತ ನಿಮ್ಮ ಕೈಗಿಟ್ಟವನು ಇಷ್ಟವಾದರೆ ಒಂದು ಡಾಲರ್ ಎಂದರೆ ಮಾತ್ರ ನಮಗೆ ಹವ್ಯಾಸದ ಪಾವಿತ್ರ್ಯ ನೆನಪಾಗುತ್ತದೆ. ಅವನು ಪುಕ್ಕಟೆ ಕೊಡಲಿ, ಮಾರಲಿ, ಬರೆದು ಅಳಿಸಿಬಿಡಲಿ, ಅದು ಅವನ ರಾತ್ರಿ, ಅವನ ನಿದ್ದೆ. ಒಂದು ಸಾಲೂ ಬರೆಯದವರು ಅವನಿಗೆ ಧರ್ಮ ಬೋಧಿಸುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಮೊನ್ನೆ ಮಿತ್ರರ ಫೋನು ಬಂದಿತ್ತು. ಆ ಇಸ್ಪೀಟಿನ ಆಟದಲ್ಲಿ ರಾಣಿಯ ಮೇಲೆ ಗುಲಾಮ ಕೂರುತ್ತಿಲ್ಲವಂತೆ, ನಿತ್ಯ ಎರಡು ಗಂಟೆ ಆಡುವವರಿಗೆ ಇದರಿಂದ ಬಹಳ ತೊಂದರೆಯಂತೆ, ಬರೆದವನಿಗೆ ಖಾರವಾಗಿ ಒಂದು ಪತ್ರ ಬರೆಯಬೇಕು, ವಿಳಾಸ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ವಿವರಣೆಯ ತುದಿಯಲ್ಲಿ, ಆ ಒಂದು ಡಾಲರಿನ ಸಾಲಿನ ಕೆಳಗೇ ಇದೆ ಎಂದೆ. ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಅಲ್ಲಿ ಅಂಥ ಸಾಲೇನೂ ತಮಗೆ ಕಾಣಿಸುತ್ತಿಲ್ಲ ಎಂದರು.