ಕಾರನ್ನೂ ಅದರ ಬಿಡಿಭಾಗವನ್ನೂ ಆನ್‌ಲೈನ್‌ನಲ್ಲಿ ಕೊಳ್ಳಬಹುದೇ?

ಪರ: ಚಾಸಿಸ್ ನಂಬರ್ ಕೈಯಲ್ಲಿದ್ದರೆ

ನನ್ನ ಕಾರಿನ ಹಿಂಬಾಗಿಲ ಗಾಜು ಒಂದು ದಿನ ಕೆಳಗಿಳಿದದ್ದು ಮತ್ತೆ ಮೇಲೆ ಬರಲಿಲ್ಲ. ಸ್ವಿಚ್ ಒತ್ತಿದರೆ ಬಾಗಿಲಿನೊಳಗೆ ಮೋಟರ್ ಗುಂಯ್‌ಗುಡುತ್ತಿತ್ತು, ಗಾಜು ಮಾತ್ರ ಮಿಸುಕುತ್ತಿರಲಿಲ್ಲ. ಸರ್ವಿಸ್ ಸೆಂಟರಿನಲ್ಲಿ "ಇಡೀ ಅಸೆಂಬ್ಲಿ ಬದಲಿಸಬೇಕು, ಬಿಡಿಯಾಗಿ ಬರುವುದಿಲ್ಲ" ಎಂದರು. ಮನೆಗೆ ಬಂದು, ಬಿಡಿಭಾಗ ಮಾರುವ ತಾಣವೊಂದರ ಕ್ಯಾಟಲಾಗಿಗೆ ಕಾರಿನ ಚಾಸಿಸ್ ನಂಬರ್ ಹಾಕಿದೆ. ಬಾಗಿಲು ಪರದೆಯ ಮೇಲೆ ಪದರಪದರವಾಗಿ ಬಿಚ್ಚಿಕೊಂಡಿತು: ಒಳಹೊದಿಕೆ, ಮೋಟರ್, ಗಾಜನ್ನು ಎತ್ತಿಳಿಸುವ ರೆಗ್ಯುಲೇಟರ್, ಕೊನೆಗೆ ಕ್ಲಿಪ್ಪುಗಳು. ಪ್ರತಿಯೊಂದಕ್ಕೂ ಅದರದೇ ನಂಬರ್. ಬಿಡಿಯಾಗಿ ಬರುವುದಿಲ್ಲ ಎಂದಿದ್ದ ರೆಗ್ಯುಲೇಟರ್ ಬಿಡಿಯಾಗಿಯೇ ಸಿಗುತ್ತಿತ್ತು. ನಾಲ್ಕನೆಯ ದಿನ ಮನೆಗೆ ಬಂತು. ಹಳೆಯದನ್ನು ಬಿಚ್ಚಿ ನೋಡಿದರೆ, ಮುರಿದಿದ್ದದ್ದು ಹೆಬ್ಬೆರಳ ಉಗುರಿನಷ್ಟಿದ್ದ ಒಂದು ಪ್ಲಾಸ್ಟಿಕ್ ಗಾಲಿ.

ಸರ್ವಿಸ್ ಸೆಂಟರಿನವರು ಸುಳ್ಳು ಹೇಳಿದರು ಎಂದು ನಾನು ದೂರುತ್ತಿಲ್ಲ. ಅವರ ಪಟ್ಟಿಯಲ್ಲಿ ಅದು ಇರಲಿಲ್ಲವೋ ಏನೋ. ಆದರೆ ಇಷ್ಟು ಕಾಲ ಕೌಂಟರಿನ ಆಚೆ ಬದಿಯಲ್ಲಿ ಮಾತ್ರ ಇದ್ದ ಪಟ್ಟಿ ಈಗ ಈಚೆ ಬದಿಗೂ ಬಂದಿದೆ, ಮತ್ತು ಆನ್‌ಲೈನ್ ಖರೀದಿಯಲ್ಲಿ ನನಗೆ ಬೆಲೆ ಕಡಿಮೆಯಾಗುವುದಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಆ ಚಾಸಿಸ್ ನಂಬರಿನಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಮೂರು ತಯಾರಕರು ಯಾರೆಂದು ಹೇಳುತ್ತವೆ. ಒಂದು ಮತ್ತು ಸೊನ್ನೆ ಅಂಕಿಗಳ ಜೊತೆ ಗೊಂದಲವಾಗಬಾರದೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಒಂದೇ ಮಾದರಿಯ, ಒಂದೇ ವರ್ಷದ ಎರಡು ಕಾರುಗಳಲ್ಲಿ ಬ್ರೇಕ್ ಡಿಸ್ಕಿನ ಅಳತೆ ಬೇರೆ ಬೇರೆ ಇರಬಹುದು; ಎಂಜಿನ್ ಬೇರೆ, ತಯಾರಾದ ತಿಂಗಳು ಬೇರೆ. "ಆ ಗಾಡಿಗೆ ಇದೇ ಆಗುತ್ತದೆ" ಎಂದು ಅಂದಾಜಿನಲ್ಲಿ ಕೊಡುವ ಅಂಗಡಿಯವನಿಗಿಂತ, ಈ ನಂಬರ್ ನೋಡಿ ಹೊಂದಿಸುವ ಕ್ಯಾಟಲಾಗನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಪೆಟ್ಟಿಗೆಯ ವಿಷಯ. ಕಾರು ಕಂಪನಿಗಳು ಕಾರಿನ ಎಲ್ಲ ಭಾಗಗಳನ್ನೂ ತಾವೇ ತಯಾರಿಸುವುದಿಲ್ಲ. ಸ್ಪಾರ್ಕ್ ಪ್ಲಗ್, ಸೆನ್ಸರ್, ಫಿಲ್ಟರ್, ಕ್ಲಚ್ ಇವೆಲ್ಲ ಬಾಷ್, ಡೆನ್ಸೊ, ಮಾಹ್ಲೆಯಂಥ ತಯಾರಕರಿಂದ ಬರುತ್ತವೆ. ಎಷ್ಟೋ ಸಲ ಅದೇ ವಸ್ತು ಕಾರು ಕಂಪನಿಯ ಮುದ್ರೆಯಿರುವ ಪೆಟ್ಟಿಗೆಯಲ್ಲಿ ಒಂದು ಬೆಲೆಗೆ, ತಯಾರಕರ ಸ್ವಂತ ಪೆಟ್ಟಿಗೆಯಲ್ಲಿ ಇನ್ನೊಂದು ಬೆಲೆಗೆ ಮಾರಾಟವಾಗುತ್ತದೆ. ಎರಡೂ ಅಕ್ಕಪಕ್ಕದಲ್ಲಿ ಕಣ್ಣಿಗೆ ಬೀಳುವುದು ಪರದೆಯ ಮೇಲೆಯೇ ಹೊರತು ಕೌಂಟರಿನ ಮೇಲಲ್ಲ. ಹದಿನೈದಿಪ್ಪತ್ತು ವರ್ಷ ಹಳೆಯ ಕಾರಿಟ್ಟುಕೊಂಡವರನ್ನಂತೂ ಕೇಳುವುದೇ ಬೇಡ. ಹತ್ತಿರದ ಅಂಗಡಿಯವರು ತರಿಸುವುದನ್ನೇ ನಿಲ್ಲಿಸಿದ ಬಾಗಿಲ ರಬ್ಬರು ಎಲ್ಲೋ ದೂರದ ಗೋದಾಮಿನ ಮೂಲೆಯಲ್ಲಿ ಒಂದೇ ಒಂದು ಉಳಿದಿದ್ದರೂ ಅವರಿಗೆ ಗೊತ್ತಾಗಿಬಿಡುತ್ತದೆ.

ಹೊಸ ಕಾರಿನ ಮಾತು ಬೇರೆ ಎನ್ನುವವರಿದ್ದಾರೆ. ಷೋರೂಮಿನ ಆ ಕೊನೆಯ ಅರ್ಧ ಗಂಟೆಯನ್ನು ನೆನಪಿಸಿಕೊಳ್ಳಿ. ಕಾರಿನ ಬೆಲೆ ತೀರ್ಮಾನವಾಗಿದೆ, ಮನಸ್ಸು ಆಗಲೇ ಸ್ಟಿಯರಿಂಗ್ ಹಿಡಿದಾಗಿದೆ. ಆಗ ಇನ್ನೊಂದು ಮೇಜಿಗೆ ಕರೆದೊಯ್ಯುತ್ತಾರೆ. ಅಲ್ಲಿ ವಿಸ್ತರಿತ ವಾರಂಟಿ, ಬಣ್ಣದ ಮೇಲಿನ ಲೇಪನ, ಅಡಿಭಾಗದ ಲೇಪನ, ಮ್ಯಾಟುಗಳ ಕಟ್ಟು, ಸಾಲಕ್ಕೊಂದು ವಿಮೆ ಒಂದರ ಹಿಂದೆ ಒಂದು ಬರುತ್ತವೆ. ಬೇಡವೆನ್ನಲು ಮುಜುಗರ, ಹೂಂ ಎನ್ನಲು ಸಂಕಟ. ಪರದೆಯ ಮೇಲೂ ಇವೆಲ್ಲ ಇರುತ್ತವೆ, ಆದರೆ ಚೌಕದಲ್ಲಿ ಟಿಕ್ ಹಾಕದಿದ್ದರೆ ಮುಗಿಯಿತು. ಚೌಕಕ್ಕೆ ಬೇಸರವಾಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮನೆಯವರೆಲ್ಲ ಕುಳಿತು ಸಾಲದ ಅವಧಿಯನ್ನು ಐದು ವರ್ಷದಿಂದ ಮೂರಕ್ಕೆ ಇಳಿಸಿ ನೋಡಬಹುದು, ಒಟ್ಟು ಬಡ್ಡಿ ಎಷ್ಟಾಗುತ್ತದೆಂದು ಲೆಕ್ಕ ಹಾಕಬಹುದು. ಮಾರುವವನ ಎದುರು ಕುಳಿತು ಆ ಲೆಕ್ಕ ಹಾಕುವಷ್ಟು ಗಟ್ಟಿಗ ನಾನಲ್ಲ.

ಇದೇನು ನಿನ್ನೆ ಮೊನ್ನೆಯ ಹುಚ್ಚಲ್ಲ. ಜನರಲ್ ಮೋಟರ್ಸ್ 2000ದಲ್ಲೇ ಬ್ರೆಜಿಲ್‌ನಲ್ಲಿ ಸೆಲ್ಟಾ ಎಂಬ ಸಣ್ಣ ಕಾರನ್ನು ಇಂಟರ್ನೆಟ್ ಮೂಲಕ ಮಾರಲು ಹೊರಟಿತ್ತು. ಟೆಸ್ಲಾ ಡೀಲರುಗಳ ಜಾಲವನ್ನೇ ಕಟ್ಟಲಿಲ್ಲ. 2024ರ ಡಿಸೆಂಬರಿನಲ್ಲಿ ಅಮೆಜಾನ್ ಅಮೆರಿಕದ ಹಲವು ನಗರಗಳಲ್ಲಿ ಹ್ಯುಂಡೈ ಕಾರುಗಳ ಮಾರಾಟ ಶುರುಮಾಡಿತು. ಕಾನೂನು ಕೂಡ ಕೆಲವೆಡೆ ಪರದೆಯ ಗಿರಾಕಿಯ ಕಡೆಗೇ ವಾಲುತ್ತದೆ: ಯುರೋಪಿಯನ್ ಒಕ್ಕೂಟದಲ್ಲಿ ದೂರದಿಂದಲೇ ಮಾಡಿದ ಖರೀದಿಯನ್ನು ಸಾಮಾನ್ಯವಾಗಿ 14 ದಿನದೊಳಗೆ ಕಾರಣ ಹೇಳದೆಯೇ ರದ್ದು ಮಾಡಬಹುದು. ಷೋರೂಮಿಗೆ ಹೋಗಿ, ನೋಡಿ, ಅಲ್ಲೇ ಸಹಿ ಹಾಕಿದವನಿಗೆ ಆ ಹಕ್ಕಿಲ್ಲ.

ಕೂತು ನೋಡದೆ ಕಾರು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಸೀಟು ಬೆನ್ನಿಗೆ ಒಗ್ಗುತ್ತದೆಯೇ ಎಂದು ಬೆನ್ನೇ ಹೇಳಬೇಕು. ಟೆಸ್ಟ್ ಡ್ರೈವ್ ಮಾಡಿ, ಕೈ ಮುಗಿದು, ಮನೆಗೆ ಬನ್ನಿ. ಉಳಿದದ್ದನ್ನು ಮನೆಯಲ್ಲೇ ಮಾಡಬಹುದು.


ವಿರೋಧ: ಗಾಡಿ ಜಾಕ್ ಮೇಲೆ, ಪೆಟ್ಟಿಗೆ ದಾರಿಯಲ್ಲಿ

ಮೇಲಿನ ಲೇಖಕರ ಕಿಟಕಿ ಸರಿಯಾದದ್ದು ಸಂತೋಷ. ಕಿಟಕಿ ಕೆಟ್ಟರೆ ಮಳೆನೀರು ಒಳಗೆ ಬರುತ್ತದೆ, ಅಷ್ಟೆ. ನಾನು ತರಿಸಿದ್ದು ಚಕ್ರದ ಬೇರಿಂಗ್.

ಅವರು ಹೇಳಿದಂತೆಯೇ ಮಾಡಿದ್ದೆ. ಚಾಸಿಸ್ ನಂಬರ್ ಹಾಕಿದೆ, ಹೊಂದುತ್ತದೆ ಎಂಬ ಹಸಿರು ಗುರುತು ಬಂತು, ಹಣ ಕಟ್ಟಿದೆ. ಪೆಟ್ಟಿಗೆ ಬಂದ ದಿನವೇ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಹಳೆಯ ಬೇರಿಂಗನ್ನು ಪ್ರೆಸ್ಸಿಗೆ ಕೊಟ್ಟು ಹೊರತೆಗೆದರು. ಹೀಗೆ ತೆಗೆದ ಬೇರಿಂಗ್ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಅದರ ಕಥೆ ಅಲ್ಲಿಗೆ ಮುಗಿಯಿತು. ಹೊಸದನ್ನು ಕೂರಿಸುವ ಮೊದಲು ಅದರ ಸೀಲಿಗೆ ಒಂದು ಗುಂಡುಸೂಜಿ ತಾಗಿಸಿದರು. ಅಂಟಲಿಲ್ಲ. ತಿರುಗಿಸಿ ಇನ್ನೊಂದು ಬದಿಗೆ ತಾಗಿಸಿದರು. ಅಲ್ಲೂ ಅಂಟಲಿಲ್ಲ. ಹಳೆಯದರ ಒಂದು ಬದಿಗೆ ತಾಗಿಸಿದಾಗ ಸೂಜಿ ಕಚ್ಚಿಕೊಂಡು ನಿಂತಿತು. "ಸರ್, ಇದರಲ್ಲಿ ಎಬಿಎಸ್ ರಿಂಗ್ ಇಲ್ಲ" ಎಂದರು.

ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ಗೆ ತಿಳಿಯುವುದು ಇಂಥ ಬೇರಿಂಗುಗಳಲ್ಲಿ ಸೀಲಿನೊಳಗಿನ ಕಾಂತದ ಉಂಗುರದಿಂದ. ಎಬಿಎಸ್ ಇಲ್ಲದ ಗಾಡಿಗೆ ಬರುವ ಬೇರಿಂಗೂ ಅದೇ ಅಳತೆ, ಅದೇ ತೂಕ, ಅದೇ ಕಪ್ಪು ಸೀಲು. ಪೆಟ್ಟಿಗೆಯ ಮೇಲಿನ ನಂಬರ್ ಸರಿಯಾಗಿಯೇ ಇತ್ತು. ಒಳಗಿದ್ದ ವಸ್ತು ಬೇರೆಯದಾಗಿತ್ತು.

ಮಾರಿದವರು ಜಗಳವಾಡಲಿಲ್ಲ, ಹಣ ಪೂರ್ತಿ ವಾಪಸ್ ಬಂತು. ಆದರೆ ಬದಲಿ ಬರುವವರೆಗೆ ಏಳು ದಿನ ನನ್ನ ಗಾಡಿ ಮೂರು ಚಕ್ರದ ಮೇಲೆ ಗ್ಯಾರೇಜಿನ ಜಾಗ ಹಿಡಿದು ನಿಂತಿತ್ತು. ಆ ಜಾಗದಲ್ಲಿ ಮೆಕ್ಯಾನಿಕ್ ಮಾಡಬಹುದಾಗಿದ್ದ ಕೆಲಸದ ಲೆಕ್ಕ ಯಾರ ಖಾತೆಗೆ? ಹತ್ತಿರದ ಅಂಗಡಿಯಲ್ಲಿ ಕೊಂಡಿದ್ದರೆ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಬದಲಿಸಿಕೊಂಡು ಬರುತ್ತಿದ್ದ. ಅಂಗಡಿಯವನು ಅಂದಾಜಿನಲ್ಲಿ ಕೊಡುತ್ತಾನೆ ಎಂದು ಮೇಲಿನವರು ಹಗುರವಾಗಿ ಬರೆದಿದ್ದಾರೆ. ಅವನ ಅಂದಾಜಿನ ಹಿಂದೆ, ಕಳೆದ ತಿಂಗಳು ಇದೇ ಬೇರಿಂಗ್ ಇಬ್ಬರು ವಾಪಸ್ ತಂದದ್ದರ ನೆನಪಿರುತ್ತದೆ.

ಇದು ತಪ್ಪು ವಸ್ತುವಿನ ಮಾತಾಯಿತು. ನಕಲಿ ವಸ್ತುವಿನದು ಇನ್ನೂ ಕೆಟ್ಟದ್ದು. 2012ರ ಅಕ್ಟೋಬರಿನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ನಕಲಿ ಏರ್‌ಬ್ಯಾಗ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ನೋಡಲು ಅಸಲಿಯಂತೆಯೇ ಇದ್ದು ಹೆಸರಾಂತ ಕಂಪನಿಗಳ ಮುದ್ರೆಯನ್ನೂ ಹೊತ್ತಿದ್ದ ಅವುಗಳಲ್ಲಿ ಕೆಲವು ಪರೀಕ್ಷೆಯಲ್ಲಿ ಉಬ್ಬಲೇ ಇಲ್ಲ, ಕೆಲವು ಲೋಹದ ಚೂರುಗಳನ್ನು ಎರಚಿದವು. ಆನ್‌ಲೈನ್‌ನಲ್ಲಿ ಕೊಂಡವರು ಪರೀಕ್ಷಿಸಿಕೊಳ್ಳಿ ಎಂದು ಸಂಸ್ಥೆ ಹೇಳಿತ್ತು. ಏರ್‌ಬ್ಯಾಗಿನ ಗುಣ ತಿಳಿಯುವುದು ಅದು ಸಿಡಿಯಬೇಕಾದ ಒಂದೇ ಒಂದು ಕ್ಷಣದಲ್ಲಿ. ಅದಕ್ಕೆ ಎಷ್ಟು ನಕ್ಷತ್ರ ಕೊಟ್ಟು ವಿಮರ್ಶೆ ಬರೆದರೇನು? "ಬೇಗ ತಲುಪಿತು, ಪ್ಯಾಕಿಂಗ್ ಚೆನ್ನಾಗಿದೆ" ಎಂದು ಐದು ನಕ್ಷತ್ರ ಪಡೆದ ಬ್ರೇಕ್ ಪ್ಯಾಡುಗಳನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ, ಆಮೇಲೆ ಬರುವುದಿಲ್ಲ.

ಆಯಿಲ್ ಫಿಲ್ಟರನ್ನೇ ತೆಗೆದುಕೊಳ್ಳಿ. ಎರಡು ಫಿಲ್ಟರುಗಳ ತಿರುಪಿನ ಸುತ್ತು ಒಂದೇ ಇರಬಹುದು, ಎರಡೂ ಸಲೀಸಾಗಿ ಕೂರಬಹುದು. ಎಂಜಿನ್ ನಿಲ್ಲಿಸಿದಾಗ ಆಯಿಲ್ ವಾಪಸ್ ಹರಿಯದಂತೆ ತಡೆಯುವ ರಬ್ಬರ್ ವಾಲ್ವ್ ಒಂದರಲ್ಲಿ ಕಳಪೆಯಾಗಿದ್ದರೆ, ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಎಂಜಿನ್ ಕೆಲವು ಕ್ಷಣ ಆಯಿಲ್ ಇಲ್ಲದೆ ಓಡುತ್ತದೆ. ಹೆಡ್‌ಲೈಟೂ ಹಾಗೆಯೇ. ರಸ್ತೆಯ ಎಡಕ್ಕೆ ಓಡಿಸುವ ದೇಶಗಳಿಗೂ ಬಲಕ್ಕೆ ಓಡಿಸುವ ದೇಶಗಳಿಗೂ ಅದರ ಬೆಳಕು ಬೀಳುವ ರೀತಿಯೇ ಬೇರೆ. ಪರದೇಶದಿಂದ ಅಗ್ಗವಾಗಿ ತರಿಸಿದ್ದು ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಎದುರಿನವನ ಕಣ್ಣು ಕುಕ್ಕುತ್ತದೆ.

ವಾಪಸ್ ಕಳಿಸಬಹುದಲ್ಲ ಎನ್ನುತ್ತೀರಿ. ಒಮ್ಮೆ ಜೋಡಿಸಿದ ವಿದ್ಯುತ್ ಭಾಗವನ್ನು ಎಷ್ಟೋ ಮಾರಾಟಗಾರರು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಸೆನ್ಸರ್ ಕೆಟ್ಟಿದೆಯೋ, ವೈರಿಂಗ್ ಕೆಟ್ಟಿದೆಯೋ ಎಂದು ತಿಳಿಯಲು ಜೋಡಿಸಿಯೇ ನೋಡಬೇಕು. ರಿಪೇರಿ ಮಾಡಿ ಮಾರುವ ಸ್ಟಾರ್ಟರ್, ಆಲ್ಟರ್ನೇಟರ್‌ಗಳಿಗೆ ಹಳೆಯದನ್ನು ಒಪ್ಪಿಸುವ ತನಕ ಠೇವಣಿ ಹಿಡಿದುಕೊಳ್ಳುವ ಪದ್ಧತಿಯಿದೆ. ಅಂಗಡಿಯಲ್ಲಾದರೆ ಕೌಂಟರಿನ ಮೇಲಿಟ್ಟು ಬರಬಹುದು. ಇಲ್ಲಿ ಎಣ್ಣೆ ಜಿನುಗುವ ಆ ಭಾರದ ಗಂಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪೆಟ್ಟಿಗೆ ಹುಡುಕಿ, ಕೊರಿಯರ್‌ನವನ ಮುಖ ನೋಡುತ್ತಾ ನಿಲ್ಲಬೇಕು.

ಹೊಸ ಕಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ಆನ್‌ಲೈನ್ ಎಂಬುದು ಬಹುಮಟ್ಟಿಗೆ ಮುಂಬಾಗಿಲಿನ ಬಣ್ಣ. ಅಮೆಜಾನ್ ತಾಣದಲ್ಲಿ ಹ್ಯುಂಡೈ ಆರಿಸಿದವನಿಗೂ ಕಾರು ಮಾರುವವನು ಡೀಲರೇ, ಕೀಲಿ ಸಿಗುವುದೂ ಅವನಿಂದಲೇ. ಟೆಸ್ಲಾ 2019ರ ಫೆಬ್ರವರಿ ಕೊನೆಗೆ ಮಾರಾಟವನ್ನೆಲ್ಲ ಆನ್‌ಲೈನ್‌ಗೆ ಒಯ್ದು ಬಹಳಷ್ಟು ಮಳಿಗೆಗಳನ್ನು ಮುಚ್ಚುವುದಾಗಿ ಸಾರಿತು. ಎರಡು ವಾರ ತುಂಬುವ ಮೊದಲೇ, ಅಂದುಕೊಂಡದ್ದಕ್ಕಿಂತ ಹೆಚ್ಚು ಮಳಿಗೆಗಳನ್ನು ಉಳಿಸಿಕೊಳ್ಳುವುದಾಗಿ ಹೇಳಿತು. ಆ 14 ದಿನದ ಹಕ್ಕಿಗೂ ಒಂದು ಬಾಲವಿದೆ: ಗಿರಾಕಿಯ ಬೇಡಿಕೆಯಂತೆ ವಿಶೇಷವಾಗಿ ತಯಾರಿಸಿದ ವಸ್ತುವಿಗೆ ಅದು ಅನ್ವಯಿಸುವುದಿಲ್ಲ. ಕಾರ್ಖಾನೆಗೆ ಆರ್ಡರ್ ಹೋಗಿ ಬಂದ ಕಾರು ಆ ಗುಂಪಿಗೆ ಸೇರುತ್ತದೆಯೇ ಎಂಬ ಚರ್ಚೆಯನ್ನು ವಕೀಲರ ಜೊತೆ ಮಾಡಬೇಕಾಗುತ್ತದೆ.

ಮತ್ತೆ, ಮನೆ ಬಾಗಿಲಿಗೆ ಟ್ರಕ್ಕಿನಲ್ಲಿ ಬಂದ ಕಾರನ್ನು ಯಾರು ನೋಡಿಕೊಳ್ಳುತ್ತಾರೆ? ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತ ಕಾರಿನ ಬ್ಯಾಟರಿ ಇಳಿದಿರುತ್ತದೆ, ಟೈರಿನ ಒಂದು ಭಾಗ ಚಪ್ಪಟೆಯಾಗಿರಬಹುದು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ರ 23ನೆಯ ವಾರ ತಯಾರಾದದ್ದು ಎಂದರ್ಥ. ನಾಲ್ಕು ಚಕ್ರಕ್ಕೂ ಬಗ್ಗಿ ಅದನ್ನು ಓದುತ್ತಿರುವಾಗ ಟ್ರಕ್ಕಿನ ಚಾಲಕ ಇನ್ನೊಂದು ಮನೆಗೆ ಹೊತ್ತಾಯಿತೆಂದು ಸಹಿಗಾಗಿ ಫೋನ್ ಚಾಚಿರುತ್ತಾನೆ. ಅವನಿಗೂ ಆ ಕಾರಿಗೂ ಏನೂ ಸಂಬಂಧವಿಲ್ಲ.

ನನ್ನ ಮೆಕ್ಯಾನಿಕ್ ಈಗಲೂ ಗಿರಾಕಿಗಳು ತಂದ ಸಾಮಾನನ್ನು ಬೇಡವೆನ್ನುವುದಿಲ್ಲ. ಆದರೆ ಬೇರಿಂಗ್ ಪೆಟ್ಟಿಗೆ ಕಂಡರೆ ಮೊದಲು ಜೇಬಿನಿಂದ ಗುಂಡುಸೂಜಿ ತೆಗೆಯುತ್ತಾರೆ. ಅದು ಅಂಟಿದರೆ ಮಾತ್ರ ಗಾಡಿಗೆ ಜಾಕ್ ಹಾಕುತ್ತಾರೆ.