ಕುದುರೆ ವಾಪಸ್ ಲಾಯಕ್ಕೆ

ಮೊನ್ನೆ ಟೀ ಕುಡೀತಾ ಫ್ರೆಂಡ್ ಒಬ್ಬ ಅಂದ, "ಚೆಸ್ ಕಂಪ್ಯೂಟರ್ರು ಎಲ್ಲಾ ನಡೆನೂ ಕೊನೇವರ್ಗೂ ನೋಡ್ಬಿಡುತ್ತೆ ಗುರೂ." ಎಲ್ಲಿಂದ ನೋಡುತ್ತೆ ಮಾರಾಯ! ಒಂದ್ಸಲಕ್ಕೆ ಸುಮಾರು 35 ನಡೆ ಸಾಧ್ಯ ಅಂದ್ಕೊಂಡ್ರೂ ಇಬ್ರೂ ಎರಡೆರಡು ಸಲ ಆಡೋದ್ರೊಳಗೆ ಲೆಕ್ಕ 15 ಲಕ್ಷ ಮುಟ್ಟುತ್ತೆ. ಬೇಡದ ನಡೆಗಳಿಗೆ ಎಷ್ಟೇ ಕತ್ತರಿ ಹಾಕಿದ್ರೂ ಎಲ್ಲೋ ಒಂದ್ಕಡೆ ನಿಂತು, ಯಾರು ಮುಂದೆ ಅಂತ ಅಲ್ಲಿ ಕಂಡ ಬೋರ್ಡ್‌ಗೆ ಮಾರ್ಕ್ಸ್ ಹಾಕ್ಲೇಬೇಕು. ಅದರಾಚೆ ಇರೋದು ಅದರ ಪಾಲಿಗೆ ಇಲ್ವೇ ಇಲ್ಲ.

2003ರ ನವೆಂಬರ್‌ನಲ್ಲಿ ನ್ಯೂಯಾರ್ಕಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಎಕ್ಸ್‌ಥ್ರೀಡಿ ಫ್ರಿಟ್ಜ್ ಅನ್ನೋ ಚೆಸ್ ಪ್ರೋಗ್ರಾಮ್ ಜೊತೆ ಆಡಿದ ಮೂರನೇ ಗೇಮ್ ನೋಡಿ (ತ್ರೀಡಿ ಕನ್ನಡಕ ಬೇರೆ ಹಾಕ್ಕೊಂಡು ಕೂತಿದ್ದ, ಅದೊಂದು ತಮಾಷೆ). ಆರನೇ ನಡೇಲೇ ಸಿ ಸಾಲಿನ ಪೇದೆ ಮುಂದೆ ತಳ್ಳಿದ, ಆಮೇಲೆ ಬಿ ಪೇದೆನೂ ನುಗ್ಗಿಸಿದ, ಪೇದೆಗಳು ಎದುರುಬದುರು ಸಿಕ್ಕಾಕ್ಕೊಂಡು ಬೋರ್ಡ್ ಮಧ್ಯ ಗೋಡೆ ಎದ್ದಂಗಾಯ್ತು, ಹೊಡೆಯೋಕೆ ಏನೂ ಇಲ್ಲ, ಲೆಕ್ಕ ಹಾಕೋಕೂ ಏನೂ ಇಲ್ಲ. ಫ್ರಿಟ್ಜ್ 14ನೇ ನಡೇಲಿ ಬಿಷಪ್ಪನ್ನ ಒಂದ್ಮನೆ ಮುಂದಿಡ್ತು, 15ಕ್ಕೆ ಅದೇ ಮನೆಗೆ ವಾಪಸ್! 16ಕ್ಕೆ ಕುದುರೆ ತಾನು ಹೊರಟ ಮನೆಗೇ ಹೋಗಿ ನಿಂತ್ಕೊಳ್ತು. ಕಾಸ್ಪರೋವ್ ಒಂದು ಪೇದೆ ತಿಂದು, ರಾಜನ್ನ ನಿಧಾನಕ್ಕೆ ನಡೆಸ್ಕೊಂಡು ಬಿ2 ಮನೇಲಿ ಕೂರಿಸಿ, ಆರಾಮಾಗಿ ಕಟ್ತಾ ಹೋದ. ಫ್ರಿಟ್ಜ್‌ಗೆ ಇದ್ದ ದಾರಿ ಎಫ್ ಪೇದೆ ತಳ್ಳೋದು, ಆದ್ರೆ ಅದರ ಫಲ ಸಿಗೋದು ಎಷ್ಟೋ ನಡೆ ಆದ್ಮೇಲೆ ಅಲ್ವಾ, ಕಾಣ್ಲಿಲ್ಲ. 45ನೇ ನಡೆಗೆ ಗೇಮ್ ಮುಗೀತು, ಕಾಸ್ಪರೋವ್ ಗೆದ್ದ.

ದೂರದ್ದು ಕಾಣದಿರೋ ಇದರದ್ದೇ ಇನ್ನೊಂದು ಕಾಯಿಲೆಗೆ ಕಂಪ್ಯೂಟರ್ ಚೆಸ್ ಸಂಶೋಧಕ ಹಾನ್ಸ್ ಬರ್ಲಿನರ್ 'ಹರೈಸನ್ ಎಫೆಕ್ಟ್' (ಹರೈಸನ್ ಅಂದ್ರೆ ದಿಗಂತ) ಅಂತ ಹೆಸರಿಟ್ಟಿದ್ದ. ಆನೆ ಹೋಗೋದು ಗ್ಯಾರಂಟಿ ಅಂತ ಗೊತ್ತಾದ್ರೆ ಕಂಪ್ಯೂಟರ್ರು ಮಧ್ಯ ಸುಮ್ನೆ ಒಂದು ಪೇದೆ ಕೊಡುತ್ತೆ, ಇನ್ನೊಂದು ಕೊಡುತ್ತೆ, ಆ ನಷ್ಟ ಕಣ್ಣಿಂದಾಚೆ ಹೋಯ್ತಲ್ಲ, ತಪ್ಪಿಸ್ಕೊಂಡೆ ಅಂದ್ಕೊಳ್ಳುತ್ತೆ. ಬಡ್ಡಿ ಕಟ್ಟೋಕೆ ಕೈಸಾಲ ಮಾಡ್ದಂಗೆ. ಕೊನೆಗೆ ಪೇದೆಗಳೂ ಹೋದ್ವು, ಆನೆನೂ ಹೋಯ್ತು.

ಇದಕ್ಕೆ ಇನ್ನೂ ಫಾಸ್ಟ್ ಮೆಷಿನ್ ತಂದ್ರಾಯ್ತು ಅನ್ನೋದನ್ನ ನಾನಂತೂ ಪೂರ್ತಿ ಒಪ್ಪಲ್ಲ. 2017ರಲ್ಲಿ ಗೂಗಲ್‌ನ ಡೀಪ್‌ಮೈಂಡ್ ಮಾಡಿದ ಆಲ್ಫಾಜೀರೋ ಅನ್ನೋ ಪ್ರೋಗ್ರಾಮ್ ಸೆಕೆಂಡಿಗೆ 80 ಸಾವಿರ ಸ್ಥಿತಿ ನೋಡ್ತಿತ್ತು, ಎದುರಿದ್ದ ಇನ್ನೊಂದು ಪ್ರೋಗ್ರಾಮ್ ಸ್ಟಾಕ್‌ಫಿಶ್ 7 ಕೋಟಿ. 100 ಗೇಮಲ್ಲಿ ಆಲ್ಫಾಜೀರೋ 28 ಗೆದ್ದು 72 ಡ್ರಾ ಮಾಡ್ತು, ಒಂದೂ ಸೋಲಿಲ್ಲ. ಸ್ಟಾಕ್‌ಫಿಶ್‌ಗೆ ಸರಿಯಾದ ಸೆಟಪ್ ಕೊಡ್ಲಿಲ್ಲ ಅಂತ ಜಗಳನೂ ಆಯ್ತು, ಇರ್ಲಿ. ಆದ್ರೂ ಮಾರ್ಕ್ಸ್ ಹಾಕೋ ಕಣ್ಣು ಚೆನ್ನಾಗಿದ್ರೆ ಕಡಿಮೆ ನೋಡಿದ್ರೂ ಸಾಕು ಅನ್ನೋದು ಸುಳ್ಳಾಗಲ್ಲ. 2020ರಲ್ಲಿ ಸ್ಟಾಕ್‌ಫಿಶ್ಶೇ ಕಲಿತು ಮಾರ್ಕ್ಸ್ ಹಾಕೋ ನ್ಯೂರಲ್ ನೆಟ್‌ವರ್ಕ್ ಸೇರಿಸ್ಕೊಳ್ತಲ್ಲ.

ಈಗ ಅದರ ಮುಂದೆ ಫ್ರಿಟ್ಜ್‌ಗೆ ಮಾಡಿದ ಆಟ ನಡೆಯಲ್ಲ ಬಿಡಿ. ಆದ್ರೂ ನಿನ್ನೆ ರಾತ್ರಿ ಫೋನಲ್ಲಿ ಪೂರ್ತಿ ಗೋಡೆ ಕಟ್ಟಿದ ಒಂದು ಸ್ಥಿತಿ ಇಟ್ಟೆ, ಯಾರೂ ಒಳಗೆ ನುಗ್ಗೋಕಾಗಲ್ಲ, ಹತ್ತು ವರ್ಷದ ಹುಡುಗನೂ ಡ್ರಾ ಅಂತಾನೆ. ಚೆಸ್ ಆಡೋ ಪ್ರೋಗ್ರಾಮ್ ಮಾತ್ರ ನಾನೇ ಮುಂದಿದೀನಿ ಅಂತ ತೋರಿಸ್ಕೊಂಡು ಆನೆನ ಆಕಡೆ ಒಂದ್ಸಲ ಈಕಡೆ ಒಂದ್ಸಲ ಇಡ್ತಾ ಇತ್ತು, ನಂಗೆ ನಿದ್ದೆ ಬರೋವರ್ಗೂ.