ಸೇವಾ ಸಂಸ್ಥೆಯ ಪಗಾರಕ್ಕೆ ಗೆರೆ ಎಳೆಯಬೇಕೆ?

ದಾನದ ದುಡ್ಡಿನಲ್ಲಿ ನಡೆಯುವ ಸಂಸ್ಥೆಗಳ ಮುಖ್ಯಸ್ಥರು, ಆಡಳಿತ ಮಂಡಳಿಯವರು ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ಸರ್ಕಾರ ಮಿತಿ ಹಾಕಬೇಕೆ? ಧಾರವಾಡದ ಮಾಜಿ ಖಜಾಂಚಿಯೊಬ್ಬರು ಹೌದು ಎನ್ನುತ್ತಾರೆ. ಅವರ ಬರಹ ಓದಿದ ಹಾವೇರಿ ಜಿಲ್ಲೆಯ ಸಂಸ್ಥೆಯೊಂದರ ಮುಖ್ಯಸ್ಥೆ ಬೇಡ ಎನ್ನುತ್ತಾರೆ.

ಪರ: ಅಜ್ಜಿಯ ಜೋಳಕ್ಕೆ ಲೆಕ್ಕ ಬೇಡವೇ?

ಧಾರವಾಡದ ಒಂದು ಸಣ್ಣ ಸಂಸ್ಥೆಗೆ ನಾನು ಆರು ವರ್ಷ ಖಜಾಂಚಿಯಾಗಿದ್ದೆ. ಹಳ್ಳಿಯಿಂದ ಓದಲು ಬರುವ ಹುಡುಗರಿಗೆ ಊಟ, ವಸತಿ ಕೊಡುವ ಸಂಸ್ಥೆ. ಸುಗ್ಗಿ ಮುಗಿದ ಮೇಲೆ ಪಾವತಿ ಪುಸ್ತಕ ಹಿಡಿದು ನವಲಗುಂದದ ಕಡೆ ಹೋಗುತ್ತಿದ್ದೆವು. ಒಂದು ವರ್ಷ ಒಬ್ಬ ಅಜ್ಜಿ ಮೊರದ ತುಂಬ ಜೋಳ ತಂದು ನಮ್ಮ ಚೀಲಕ್ಕೆ ಸುರಿದರು. ಪಾವತಿ ಹರಿದು ಕೊಟ್ಟರೆ, ‘ಇದನ್ನ ಇಟ್ಕೊಂಡು ನಾ ಏನ್ ಮಾಡ್ಲೆಪ್ಪಾ, ಹುಡುಗ್ರಿಗೆ ರೊಟ್ಟಿ ಹಾಕ್ರಿ’ ಎಂದು ವಾಪಸ್ ಕೈಗಿಟ್ಟರು.

ಅದೇ ವರ್ಷ ಮಾರ್ಚ್‌ನಲ್ಲಿ ನನ್ನ ಮೇಜಿಗೆ ಒಂದು ವೋಚರ್ ಬಂತು. ಕಾರ್ಯದರ್ಶಿಗೆ ‘ಸಲಹಾ ಶುಲ್ಕ’. ಮೊತ್ತ ನಮ್ಮ ಅಡುಗೆ ಅಕ್ಕನ ಎರಡು ವರ್ಷದ ಪಗಾರಕ್ಕಿಂತ ಜಾಸ್ತಿ. ಯಾವ ಸಲಹೆ ಎಂದು ಕೇಳಿದೆ. ‘ಠರಾವು ಆಗೇದರಿ, ಸಹಿ ಮಾಡ್ರಿ’ ಎಂದರು. ಠರಾವು ಆಗಿದ್ದು ನಿಜ. ಠರಾವು ಮಾಡಿದ ಏಳು ಮಂದಿಯಲ್ಲಿ ಮೂವರು ಅವರ ಬೀಗರು. ನಾನು ಸಹಿ ಮಾಡಲಿಲ್ಲ. ಮುಂದಿನ ವರ್ಷ ಖಜಾಂಚಿ ಬದಲಾದರು. ಅಷ್ಟೇ ಆಗಿದ್ದು.

ಇದಕ್ಕೆ ಕಾಯ್ದೆ ಇಲ್ವಾ ಅಂತ ನೀವು ಕೇಳಬಹುದು. ಇದೆ. ಸೊಸೈಟಿಗಳಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ವರ್ಷಕ್ಕೊಮ್ಮೆ ಲೆಕ್ಕಪತ್ರ, ಸಮಿತಿಯ ಪಟ್ಟಿ ರಿಜಿಸ್ಟ್ರಾರ್‌ಗೆ ಕೊಡಬೇಕು. ಯಾರಿಗೆ ಎಷ್ಟು ಪಗಾರ ಎಂಬುದಕ್ಕೆ ಅದರಲ್ಲಿ ಗೆರೆ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 13ನೇ ಸೆಕ್ಷನ್ ಒಂದು ಮಾತು ಹೇಳಿತು: ಸಂಸ್ಥಾಪಕರಿಗೆ, ಟ್ರಸ್ಟಿಗಳಿಗೆ, ಅವರ ನೆಂಟರಿಗೆ ಸಮಂಜಸವಾದದ್ದಕ್ಕಿಂತ ಹೆಚ್ಚು ಸಂಬಳ ಕೊಡಬಾರದು. ಸಮಂಜಸ ಅಂದರೆ ಎಷ್ಟು? ಅದನ್ನು ಅಧಿಕಾರಿ, ವಕೀಲರು ಕೂತು ಜಗ್ಗಾಡಬೇಕು. ಅಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಬೀಳುವ ತೆರಿಗೆ, ದಂಡ ಎರಡೂ ಸಂಸ್ಥೆಯ ಮೇಲೆ. ತಿಂದವರು ಒಬ್ಬರು, ದಂಡ ಕಟ್ಟುವುದು ಅಜ್ಜಿಯ ಜೋಳ!

ಒಂದು ಹಳೆಯ ಸಂಗತಿ. 1956ರವರೆಗೆ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಗದಗ, ಹಾವೇರಿ ಆಗ ಇದೇ ಜಿಲ್ಲೆಯೊಳಗೆ ಇದ್ದವು. 1950ರ ಮುಂಬೈ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಧರ್ಮಾರ್ಥ ಸಂಸ್ಥೆಗಳನ್ನು ನೋಡಿಕೊಳ್ಳಲೆಂದೇ ಚಾರಿಟಿ ಕಮಿಷನರ್ ಎಂಬ ಅಧಿಕಾರಿಯನ್ನು ಇಟ್ಟಿತ್ತು. ಮಹಾರಾಷ್ಟ್ರದಲ್ಲಿ ಆ ಹುದ್ದೆ ಈಗಲೂ ಇದೆ. ನಮ್ಮಲ್ಲಿ ಟ್ರಸ್ಟ್ ಮಾಡುವವರು ಹೊಲ-ಮನೆ ಖರೀದಿಯವರ ಸಾಲಿನಲ್ಲೇ ನಿಂತು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬರುತ್ತಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಮುಖ್ಯಸ್ಥರ ಪಗಾರ ಅದೇ ಸಂಸ್ಥೆಯ ಅತಿ ಕಡಿಮೆ ಪಗಾರದವರ ಎಂಟು ಪಟ್ಟು ದಾಟಬಾರದು. ಆಡಳಿತ ಮಂಡಳಿಯವರಿಗೆ ಬಸ್ ಚಾರ್ಜು, ಸಭೆಯ ದಿನ ಊಟ, ಅಷ್ಟೇ. ಇಂಗ್ಲೆಂಡಿನಲ್ಲೂ ಸೇವಾ ಸಂಸ್ಥೆಯ ಟ್ರಸ್ಟಿ ವಿಶೇಷ ಅನುಮತಿ ಇಲ್ಲದೆ ಸಂಬಳ ತೆಗೆದುಕೊಳ್ಳುವಂತಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 2012ರಲ್ಲಿ ಗವರ್ನರ್ ಆದೇಶ ಹೊರಡಿಸಿ, ಸರ್ಕಾರದ ಹಣ ಪಡೆಯುವ ಸಂಸ್ಥೆಗಳ ಮುಖ್ಯಸ್ಥರಿಗೆ ಆ ಹಣದಿಂದ ಕೊಡುವ ಸಂಬಳಕ್ಕೆ ವರ್ಷಕ್ಕೆ 1,99,000 ಡಾಲರ್ ಮಿತಿ ಹಾಕಿದರು. ಅಲ್ಲಿ ಸೇವಾ ಸಂಸ್ಥೆಗಳೇನೂ ಬಾಗಿಲು ಹಾಕಲಿಲ್ಲ.

ಇಷ್ಟು ಕಡಿಮೆ ಕೊಟ್ಟರೆ ಒಳ್ಳೆಯವರು ಬರುವುದಿಲ್ಲ ಎನ್ನುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪುಟ್ಟರಾಜ ಗವಾಯಿಗಳು ನಾಟಕ ಕಂಪನಿಯ ಗಳಿಕೆ, ತುಲಾಭಾರದ ಹಣ ಎಲ್ಲವನ್ನೂ ಅಂಧ ಮಕ್ಕಳ ಊಟಕ್ಕೆ, ಸಂಗೀತ ಪಾಠಕ್ಕೆ ಹಾಕಿದರು. ಪಗಾರ ನೋಡಿ ಬರುವವರು ಬೇರೆ ಕಡೆ ಹೋಗಲಿ. ತಡೆಯುವವರು ಯಾರು?

ವಿರೋಧ: ವೋಚರಿನಲ್ಲಿ ಇದ್ದದ್ದು ಪಗಾರ ಅಲ್ಲ

ಮೊದಲು ನನ್ನ ಪಗಾರ ಹೇಳಿಬಿಡುತ್ತೇನೆ. ತಿಂಗಳಿಗೆ 62,000 ರೂಪಾಯಿ. ಖಜಾಂಚಿಯವರ ಎಂಟು ಪಟ್ಟಿನ ಗೆರೆಯೊಳಗೆ ಆರಾಮಾಗಿ ಕೂರುತ್ತದೆ. ಹಾಗಾಗಿ ಸ್ವಂತ ಲಾಭಕ್ಕೆ ವಾದ ಮಾಡುತ್ತಿದ್ದಾಳೆ ಅನ್ನಬೇಡಿ.

ಅವರ ವೋಚರನ್ನೇ ಇನ್ನೊಮ್ಮೆ ನೋಡೋಣ. ಅದರ ಮೇಲೆ ಬರೆದದ್ದು ‘ಸಲಹಾ ಶುಲ್ಕ’. ಪಗಾರಕ್ಕೆ ಎಂಥ ಮಿತಿ ಹಾಕಿದ್ದರೂ ಆ ಕಾಗದ ಹಾಗೇ ಬರುತ್ತಿತ್ತು. ತಿನ್ನುವವರು ಪಗಾರದ ಪುಸ್ತಕದಲ್ಲಿ ಸಹಿ ಹಾಕಿ ತಿನ್ನುವುದಿಲ್ಲ. ಸಂಸ್ಥೆ ಇರುವ ಕಟ್ಟಡ ಅಧ್ಯಕ್ಷರದ್ದು, ಬಾಡಿಗೆ ಅವರಿಗೆ. ಜೀಪು ಅಳಿಯನದ್ದು. ಹಾಸ್ಟೆಲಿನ ಕಿರಾಣಿ ಮೈದುನನ ಅಂಗಡಿಯದ್ದು. ಇವೆಲ್ಲ ಬೇರೆ ಬೇರೆ ಖಾತೆಯಲ್ಲಿ ಕೂತಿರುತ್ತವೆ. ಅಧ್ಯಕ್ಷರ ಪಗಾರ ಮಾತ್ರ ಸೊನ್ನೆ! ಕಾರ್ಯಕ್ರಮದಲ್ಲಿ ‘ಒಂದು ಪೈಸೆ ಮುಟ್ಟದವರು’ ಎಂದು ಶಾಲು ಹೊದಿಸುತ್ತಾರೆ. ಆ ಶಾಲಿನ ಬಿಲ್ಲೂ ಸಂಸ್ಥೆಗೇ.

ಎಂಟು ಪಟ್ಟಿನ ಲೆಕ್ಕಕ್ಕೂ ಸುಲಭದ ದಾರಿ ಇದೆ. ಅಡುಗೆ ಅಕ್ಕನನ್ನು, ಕಸ ಗುಡಿಸುವವರನ್ನು ಏಜೆನ್ಸಿಗೆ ಹಾಕಿದರೆ ಮುಗಿಯಿತು. ಅತಿ ಕಡಿಮೆ ಪಗಾರದವರೇ ಪಟ್ಟಿಯಲ್ಲಿ ಇರುವುದಿಲ್ಲ. ಗೆರೆ ತಾನೇ ಮೇಲೇರುತ್ತದೆ, ಅಕ್ಕನಿಗೆ ಇದ್ದ ಪಿಎಫ್ ಹೋಗುತ್ತದೆ.

ಮಿತಿ ಹಾಕಿದರೆ ಏನಾಗುತ್ತದೆ ಎಂಬುದನ್ನು ನಾವು ಒಮ್ಮೆ ನೋಡಿದ್ದೇವೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ವಿದೇಶದಿಂದ ಬಂದ ಹಣದಲ್ಲಿ ಆಡಳಿತ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಕಚೇರಿಯವರ ಪಗಾರ, ಬಾಡಿಗೆ, ಕರೆಂಟ್ ಬಿಲ್, ಲೆಕ್ಕ ಬರೆಯುವ ಖರ್ಚು ಎಲ್ಲ ಅದರೊಳಗೆ. ಹಳ್ಳಿಯಲ್ಲಿ ತರಬೇತಿ ಕೊಡುವವರ ಪಗಾರ ಮಾತ್ರ ಹೊರಗೆ. ನಮಗೆ ಒಬ್ಬ ಅಕೌಂಟೆಂಟ್ ಇದ್ದ. ಒಂದು ರೂಪಾಯಿ ಹೆಚ್ಚು-ಕಡಿಮೆಯಾದರೆ ರಾತ್ರಿ ಎಂಟರವರೆಗೆ ಕೂತು ಹುಡುಕುವ ಹುಡುಗ. ಅವನಿಗೆ ಪಗಾರ ಏರಿಸಲು ಆಗಲಿಲ್ಲ. ಹುಬ್ಬಳ್ಳಿಯ ಒಂದು ಕಂಪನಿಗೆ ಹೋದ. ಬೇರೆ ಕೆಲವು ಕಡೆ ಜಾಣರು ಕುರ್ಚಿ ಬದಲಿಸದೆ ಹೆಸರು ಬದಲಿಸಿದರು. ಮ್ಯಾನೇಜರ್ ಕಾಗದದ ಮೇಲೆ ಕ್ಷೇತ್ರ ಸಂಯೋಜಕ ಆದರು. ಲೆಕ್ಕ ಸರಿ ಇಡುವವನೇ ಹೋದ ಮೇಲೆ ದಾನಿಯ ದುಡ್ಡು ಕಾಯುವವರು ಯಾರು, ಹೇಳಿ?

ಗವಾಯಿಗಳ ಹೆಸರು ಬಂದಾಗ ನಾನೂ ಕೈ ಮುಗಿಯುತ್ತೇನೆ. ಆದರೆ ಅವರು ಆಶ್ರಮದಲ್ಲೇ ಬಾಳಿದ ಸನ್ಯಾಸಿ. ಇಬ್ಬರು ಮಕ್ಕಳ ಶಾಲೆ ಫೀಸು ಕಟ್ಟುವ ನಮ್ಮ ಕಾರ್ಯಕರ್ತೆಯನ್ನು ಆ ಅಳತೆಯಲ್ಲಿ ಅಳೆಯಬಾರದು.

ಬಸ್ ಚಾರ್ಜಿನ ಮಾತಂತೂ ನನಗೆ ಚುಚ್ಚಿತು. ನಮ್ಮ ಮಂಡಳಿಯಲ್ಲಿ ಸವಣೂರು ಕಡೆಯ ಒಬ್ಬ ಕೂಲಿ ಹೆಣ್ಣುಮಗಳು ಇದ್ದಾರೆ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಸಭೆಗೆ ಬಂದರೆ ಅವರ ಆ ದಿನದ ಕೂಲಿ ಹೋಗುತ್ತದೆ. ಮೊದಲ ವರ್ಷ ಎರಡು ಸಭೆಗೆ ಬರಲೇ ಇಲ್ಲ. ಕೇಳಿದರೆ, ‘ನಿಮ್ದು ಚಾ, ಬಿಸ್ಕೀಟು ಕುಡ್ದು ಹೋದ್ರ ಮನ್ಯಾಗ ಒಲಿ ಹತ್ತೂದಿಲ್ರಿ ಅಕ್ಕಾ’ ಅಂದರು. ಈಗ ಸಭೆಗೆ 500 ರೂಪಾಯಿ ಕೊಡುತ್ತೇವೆ. ಬರುತ್ತಾರೆ. ಬರುವುದಷ್ಟೇ ಅಲ್ಲ, ಖರ್ಚಿನ ಪಟ್ಟಿ ಓದಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಮಂಡಳಿಯವರಿಗೆ ಏನೂ ಕೊಡಬಾರದು ಎಂದರೆ ಅಲ್ಲಿ ಕೂರುವವರು ಪೆನ್ಷನ್ ಇರುವವರು, ಹೊಲ ಇರುವವರು, ಅಂಗಡಿ ಇರುವವರು. ಖಜಾಂಚಿಯವರು ಹೇಳಿದ ಬೀಗರೂ ಅವರೇ ಅಲ್ವಾ?

ನ್ಯೂಯಾರ್ಕಿನ ಕಥೆಯನ್ನು ಅವರು ಅರ್ಧಕ್ಕೆ ನಿಲ್ಲಿಸಿದರು. 2018ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಸರ್ಕಾರದ ಹಣದ ಮೇಲಿನ ಮಿತಿಯನ್ನು ಉಳಿಸಿತು. ಬೇರೆ ಮೂಲದ ಹಣಕ್ಕೂ ಕೈ ಚಾಚಿದ ಭಾಗವನ್ನು ತೆಗೆದುಹಾಕಿತು. ಅಮೆರಿಕದಿಂದ ಏನಾದರೂ ತರುವುದಾದರೆ 990 ನಮೂನೆ ತರಲಿ. ಅಲ್ಲಿ ತೀರಾ ಸಣ್ಣವನ್ನು ಬಿಟ್ಟು ಹೆಚ್ಚಿನ ಸೇವಾ ಸಂಸ್ಥೆಗಳು ಪ್ರತಿ ವರ್ಷ ಅದನ್ನು ತುಂಬಿ ತೆರಿಗೆ ಇಲಾಖೆಗೆ ಕೊಡಬೇಕು. ಪದಾಧಿಕಾರಿಗಳ ಹೆಸರು, ಅವರ ಸಂಬಳ, ಒಳಗಿನವರ ಜೊತೆಗಿನ ವ್ಯವಹಾರ ಅದರಲ್ಲಿ ಬರುತ್ತದೆ. ಯಾರು ಬೇಕಾದರೂ ಕೇಳಿ ನೋಡಬಹುದು. ಅಳಿಯನ ಜೀಪು ಸಿಗುವುದು ಅಂಥ ಕಾಗದದಲ್ಲಿ.

ನಮ್ಮ ಕಚೇರಿಯ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ನನ್ನಿಂದ ಹಿಡಿದು ಡ್ರೈವರ್‌ವರೆಗೆ ಎಲ್ಲರ ಪಗಾರ ಸೀಮೆಸುಣ್ಣದಲ್ಲಿ ಬರೆದಿದೆ. ಬಾಡಿಗೆ ಯಾರಿಗೆ, ಕಿರಾಣಿ ಯಾರ ಅಂಗಡಿಯದ್ದು ಎಂಬುದೂ ಇದೆ. ಹೋದ ವರ್ಷ ಸಂಘದ ಹೆಣ್ಣುಮಕ್ಕಳು ತರಬೇತಿಗೆ ಬಂದಿದ್ದರು. ನನ್ನ 62,000 ನೋಡಿ ಏನಾದರೂ ಅಂದಾರು ಎಂದು ನಾನು ಒಳಗೇ ಕೂತಿದ್ದೆ. ಅವರಲ್ಲೊಬ್ಬರು ಬೆರಳಿಟ್ಟು ಓದುತ್ತಾ ಕೊನೆಯ ಸಾಲಿಗೆ ಬಂದರು. ‘ರಾತ್ರಿ ಹಗಲು ಗಾಡಿ ಹೊಡಿಯಾಂವಗ ಇಷ್ಟ ಏನ್ರಿ?’ ಎಂದು ನನ್ನನ್ನೇ ಕೇಳಿದರು. ಮುಂದಿನ ಸಭೆಯ ಮೊದಲ ವಿಷಯ ಡ್ರೈವರ್ ಪಗಾರ.